ಹಾಲು ಅರಗದವರು ಹಾಲನ್ನು ಪೂರ್ತಿ ಬಿಡಬೇಕಾ? ಗ್ರಾಂ ಲೆಕ್ಕದಲ್ಲಿ ಮಾತಾಡೋಣ

ಕಾಫಿಲೋಟ_ಹಾಸನ
ಹಾಲು ಕುಡಿದ ಒಂದೆರಡು ಗಂಟೆಯಲ್ಲಿ ಹೊಟ್ಟೆ ಗುಡುಗುಡು, ಉಬ್ಬರ, ಗ್ಯಾಸು, ಕೆಲವೊಮ್ಮೆ ನೀರಾಗಿ ಭೇದಿ. ಅದೇ ಮೊಸರನ್ನ ಉಂಡರೆ ಏನೂ ಇಲ್ಲ. ಇಂಥವರಿಗೆ ಎಲ್ಲರೂ ಹೇಳೋದು ಒಂದೇ ಮಾತು, "ಹಾಲು ಬಿಟ್ಟುಬಿಡಿ". ಹಾಗಾದರೆ ಬೆಳಗಿನ ಕಾಫಿ, ಊಟದ ಕೊನೆಯ ಮಜ್ಜಿಗೆ, ಹಬ್ಬದ ಪಾಯಸ ಎಲ್ಲಕ್ಕೂ ಕೈ ಮುಗಿಯಬೇಕಾ? ಇದು ಲ್ಯಾಕ್ಟೋಸಿನದೇ ತೊಂದರೆ ಅಂತ ಮನೆಯಲ್ಲೇ ಗೊತ್ತುಮಾಡಿಕೊಳ್ಳೋದು ಹೇಗೆ? ಎಷ್ಟರವರೆಗೆ ನಡೆಯುತ್ತೆ? ತಿಳಿದವರು ಲೆಕ್ಕ ಸಮೇತ ಹೇಳಿದರೆ ತುಂಬಾ ಜನಕ್ಕೆ ಅನುಕೂಲ.

ಪಥ್ಯಾಹಾರ_ಮೈಸೂರು
ಪೂರ್ತಿ ಬಿಡಬೇಕಾಗಿಲ್ಲ. ಬಿಡಿ ಅನ್ನೋ ಸಲಹೆಯಿಂದಲೇ ಎಷ್ಟೋ ಸಸ್ಯಾಹಾರಿಗಳು ಕ್ಯಾಲ್ಸಿಯಂ, ಬಿ12 ಎರಡನ್ನೂ ಕಳೆದುಕೊಳ್ಳುತ್ತಾರೆ. ಅದಕ್ಕೇ ಇದನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಹಾಲಿನ ಸಕ್ಕರೆಯ ಹೆಸರು ಲ್ಯಾಕ್ಟೋಸ್. ಅದು ಗ್ಲೂಕೋಸ್ ಮತ್ತು ಗ್ಯಾಲಕ್ಟೋಸ್ ಅಂಟಿಕೊಂಡಿರುವ ಜೋಡಿ. ಬಿಡಿಸದೆ ಹೋದರೆ ಅದು ರಕ್ತಕ್ಕೆ ಸೇರುವುದಿಲ್ಲ. ಬಿಡಿಸುವ ಕಿಣ್ವ ಲ್ಯಾಕ್ಟೇಸ್, ಇರುವ ಜಾಗ ಸಣ್ಣ ಕರುಳಿನ ಒಳಗೋಡೆ. ಮೊಲೆಹಾಲು ಕುಡಿಯುವ ವಯಸ್ಸಿನಲ್ಲಿ ಇದು ಧಾರಾಳವಾಗಿರುತ್ತದೆ, ಹಾಲು ಬಿಡಿಸಿದ ಮೇಲೆ ಬಹಳ ಜನರಲ್ಲಿ ನಿಧಾನವಾಗಿ ಇಳಿಯುತ್ತಾ ಹೋಗುತ್ತದೆ. ಇದು ರೋಗವಲ್ಲ, ಮನುಷ್ಯರಲ್ಲಿ ಹೆಚ್ಚಿನವರ ಸಹಜ ಸ್ಥಿತಿಯೇ ಇದು. ದೊಡ್ಡವರಾದ ಮೇಲೂ ಲ್ಯಾಕ್ಟೇಸ್ ಉಳಿಯುವುದಕ್ಕೆ ವಂಶವಾಹಿಯಲ್ಲಿ ಒಂದು ಸಣ್ಣ ಬದಲಾವಣೆ ಬೇಕು. ಭಾರತದಲ್ಲಿ ಅದು ವಾಯವ್ಯದ ಕಡೆ ಹೆಚ್ಚು, ದಕ್ಷಿಣಕ್ಕೂ ಪೂರ್ವಕ್ಕೂ ಬಂದಂತೆ ಕಡಿಮೆ. 1981ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ದೆಹಲಿಯ ಕಡೆಯವರಲ್ಲಿ 27.4 ಶೇಕಡಾ, ತಿರುವನಂತಪುರ ಮತ್ತು ಪುದುಚೇರಿಯ ದಕ್ಷಿಣದವರಲ್ಲಿ 66.6 ಶೇಕಡಾ ಜನರಿಗೆ ಲ್ಯಾಕ್ಟೋಸ್ ಅರಗುತ್ತಿರಲಿಲ್ಲ.

ಅರಗದೆ ಉಳಿದ ಸಕ್ಕರೆ ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿ ಎರಡು ಕೆಲಸ ನಡೆಯುತ್ತದೆ. ಸಕ್ಕರೆ ನೀರನ್ನು ಎಳೆದುಕೊಳ್ಳುತ್ತದೆ, ಅದರಿಂದ ಭೇದಿ. ಬ್ಯಾಕ್ಟೀರಿಯಾಗಳು ಅದನ್ನು ಹುಳಿಸುತ್ತವೆ, ಅದರಿಂದ ಹೈಡ್ರೋಜನ್, ಇಂಗಾಲದ ಡೈ ಆಕ್ಸೈಡ್, ಕೆಲವರಲ್ಲಿ ಮೀಥೇನ್. ಉಬ್ಬರ, ಗುಡುಗುಡು, ಗ್ಯಾಸು ಎಲ್ಲ ಇಲ್ಲಿಂದ. ಹೊಟ್ಟೆಯಿಂದ ಇಷ್ಟು ದೂರ ಇಳಿಯಬೇಕಾದ್ದರಿಂದ ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಎರಡು ಗಂಟೆ ಹಿಡಿಯುತ್ತದೆ. ಕುಡಿದ ಎರಡೇ ನಿಮಿಷಕ್ಕೆ ತುಟಿ ಊದಿದರೆ, ಮೈಮೇಲೆ ಗಂಧೆ ಎದ್ದರೆ ಅದು ಇದಲ್ಲ. ಅದು ಹಾಲಿನ ಪ್ರೋಟೀನಿನ ಅಲರ್ಜಿ, ಅದಕ್ಕೆ ಒಂದು ಚಮಚವೂ ಅಪಾಯ. ನಾನು ಕೆಳಗೆ ಬರೆಯುವ ಯಾವ ಲೆಕ್ಕವೂ ಅಲರ್ಜಿ ಇರುವವರಿಗೆ ಅನ್ವಯಿಸುವುದಿಲ್ಲ.

ಈಗ ಲೆಕ್ಕ. ಲ್ಯಾಕ್ಟೋಸ್ ಅರಗದವರಲ್ಲಿ ಹೆಚ್ಚಿನವರು ಒಂದು ಸಲಕ್ಕೆ 12 ಗ್ರಾಂ ತನಕ ತೊಂದರೆಯಿಲ್ಲದೆ, ಇಲ್ಲವೇ ಅಲ್ಪಸ್ವಲ್ಪ ತೊಂದರೆಯಲ್ಲಿ ತಡೆದುಕೊಳ್ಳುತ್ತಾರೆ. 12 ಗ್ರಾಂ ಅಂದರೆ 250 ಮಿಲಿ ಹಸುವಿನ ಹಾಲು. ಊಟದ ಜೊತೆ ಆದರೆ ಇನ್ನೂ ಒಳ್ಳೆಯದು, ಯಾಕೆಂದರೆ ಹೊಟ್ಟೆ ನಿಧಾನ ಖಾಲಿಯಾಗುತ್ತದೆ, ಇರುವ ಅಷ್ಟಿಷ್ಟು ಲ್ಯಾಕ್ಟೇಸಿಗೆ ಸಮಯ ಸಿಗುತ್ತದೆ. ಖಾಲಿ ಹೊಟ್ಟೆಯಲ್ಲಿ ಒಂದೇ ಗುಕ್ಕಿಗೆ ದೊಡ್ಡ ಲೋಟ ಇಳಿಸುವುದೇ ಎಲ್ಲಕ್ಕಿಂತ ಕೆಟ್ಟ ದಾರಿ.

ಹಸುಗೂಡು_ಮಂಡ್ಯ
ನಾಟಿ ಹಸುವಿನ ಎ2 ಹಾಲು ಕುಡಿದರೆ ಈ ತೊಂದರೆ ಇರಲ್ಲ ಅಂತಾರಲ್ಲ? ಹಾಲನ್ನು ಮೂರು ಸಲ ಉಕ್ಕಿಸಿದರೆ, ನೀರು ಬೆರೆಸಿದರೆ ಹಗುರ ಆಗುತ್ತೆ ಅಂತಲೂ ಕೇಳಿದ್ದೀನಿ.

ಕ್ಷೀರತಂತ್ರ_ಹೆಬ್ಬಾಳ
ಸರ್, ಎ1, ಎ2 ಅನ್ನೋದು ಬೀಟಾ ಕೇಸಿನ್ ಎಂಬ ಪ್ರೋಟೀನಿನ ಬಗೆ. ಲ್ಯಾಕ್ಟೋಸ್ ಎರಡರಲ್ಲೂ ಒಂದೇ, 100 ಮಿಲಿಗೆ ಹತ್ತಿರಹತ್ತಿರ 4.8 ಗ್ರಾಂ. ಎಮ್ಮೆ ಹಾಲಿನಲ್ಲಿ ಸುಮಾರು 5, ಮೇಕೆ ಹಾಲಿನಲ್ಲಿ ಸ್ವಲ್ಪ ಕಡಿಮೆ, 4.3 ಆಸುಪಾಸು. ಲ್ಯಾಕ್ಟೋಸ್ ತೊಂದರೆಗೆ ತಳಿ ಬದಲಿಸಿ ಪ್ರಯೋಜನವಿಲ್ಲ.

ಉಕ್ಕಿಸಿದರೆ ಸಕ್ಕರೆ ಹೋಗಲ್ಲ. ನೀರು ಆವಿಯಾಗಿ ಹಾಲು ಗಟ್ಟಿಯಾದಷ್ಟೂ ಲ್ಯಾಕ್ಟೋಸ್ ಒತ್ತಾಗುತ್ತೆ. ನೀರು ಬೆರೆಸಿದ್ದೂ ಅಷ್ಟೇ, 200 ಮಿಲಿ ಹಾಲಿಗೆ 100 ಮಿಲಿ ನೀರು ಹಾಕಿ ಪೂರ್ತಿ ಕುಡಿದರೆ ಒಳಗೆ ಹೋಗೋ ಲ್ಯಾಕ್ಟೋಸ್ ಮೊದಲಿನಷ್ಟೇ. ಕೆನೆ ತೆಗೆದ ಹಾಲು ಹಗುರ ಅಂತ ತಗೊಳ್ಳೋರೂ ಇದ್ದಾರೆ. ಅದರಲ್ಲಿ ತೆಗೆದಿರೋದು ಕೊಬ್ಬು, ಸಕ್ಕರೆ ಅಲ್ಲ. ಕೊಬ್ಬಿದ್ದರೆ ಹೊಟ್ಟೆ ತಡವಾಗಿ ಖಾಲಿಯಾಗೋದರಿಂದ ಕೆಲವರಿಗೆ ಕೆನೆಹಾಲೇ ಹೆಚ್ಚು ಒಗ್ಗುತ್ತೆ.

ಪದಾರ್ಥಗಳ ಅಂದಾಜು ಹೇಳ್ತೀನಿ. ತುಪ್ಪದಲ್ಲಿ ಇಲ್ಲವೇ ಇಲ್ಲ ಅನ್ನಬಹುದು. ಬೆಣ್ಣೆ 100 ಗ್ರಾಮಿಗೆ ಅರ್ಧ, ಮುಕ್ಕಾಲು ಗ್ರಾಂ, ದೋಸೆ ಮೇಲಿನ ಮುದ್ದೆಗೆ ಲೆಕ್ಕವೇ ಬೇಡ. ಪನೀರಿನಲ್ಲಿ 2ರಿಂದ 3 ಗ್ರಾಂ, ಹಾಲು ಒಡೆದಾಗ ಲ್ಯಾಕ್ಟೋಸಿನ ಬಹುಪಾಲು ಒಡೆದ ನೀರಿನ ಜೊತೆ ಹೋಗಿಬಿಡುತ್ತೆ. ಪನೀರನ್ನು ತಣ್ಣೀರಲ್ಲಿ ತೊಳೆದು ಹಿಂಡಿದರೆ ಇನ್ನೂ ಕಡಿಮೆ. ಆದರೆ ಆ ನೀರಲ್ಲೇ ಚಪಾತಿ ಹಿಟ್ಟು ಕಲಸಿದರೆ ಹೋದ ಲ್ಯಾಕ್ಟೋಸ್ ತಟ್ಟೆಗೆ ವಾಪಸ್ ಬಂದ ಹಾಗೆ.

ಖೋವಾ ಬೇರೆಯೇ ಲೋಕ. ಹಾಲಿನ ನೀರಿನ ಬಹುಪಾಲು ಆರಿಸಿದ್ದು, 100 ಗ್ರಾಮಿಗೆ 20 ಗ್ರಾಂ ಮೀರಿ ಇರುತ್ತೆ. 25 ಗ್ರಾಮಿನ ಒಂದು ಧಾರವಾಡ ಪೇಡಾದಲ್ಲಿ ಹೆಚ್ಚೂಕಡಿಮೆ 3ರಿಂದ 4 ಗ್ರಾಂ ಹಿಡಿಯಿರಿ. ಒಂದು ತಿಂದವರಿಗೆ ಏನೂ ಆಗಲ್ಲ, ನಾಲ್ಕು ತಿಂದರೆ ಒಂದು ದೊಡ್ಡ ಲೋಟ ಹಾಲು ಕುಡಿದ ಲೆಕ್ಕ. ಬೆಳಗಾವಿ ಕುಂದಾ ಕೂಡ ಇದೇ ಸಾಲಿನದು. ಕೆನೆ ತೆಗೆದ ಹಾಲಿನ ಪುಡಿಯಲ್ಲಿ ಅರ್ಧಕ್ಕೆ ಅರ್ಧ ಲ್ಯಾಕ್ಟೋಸ್! ಬಿಸ್ಕತ್ತು, ಬ್ರೆಡ್ಡು, ಅಂಗಡಿ ಬಾದಾಮಿ ಹಾಲಿನ ಪುಡಿ, ಮಸಾಲೆ ಚಿಪ್ಸ್, ಇಲ್ಲೆಲ್ಲ ಇದು ಸದ್ದಿಲ್ಲದೆ ಇರುತ್ತೆ. ಪ್ಯಾಕೆಟ್ಟಿನ ಮೇಲೆ 'ಮಿಲ್ಕ್ ಸಾಲಿಡ್ಸ್', 'ವೇ ಪೌಡರ್' (ಹಾಲು ಒಡೆದ ನೀರಿನ ಪುಡಿ) ಅಂತಿದ್ದರೆ ಲ್ಯಾಕ್ಟೋಸ್ ಇದೆ. 'ಲ್ಯಾಕ್ಟಿಕ್ ಆಸಿಡ್', 'ಲ್ಯಾಕ್ಟೇಟ್' ಅಂತಿದ್ದರೆ ಹೆಸರು ನೋಡಿ ಹೆದರಬೇಡಿ, ಅವು ಲ್ಯಾಕ್ಟೋಸ್ ಅಲ್ಲ.

ಕಾಫಿಲೋಟ_ಹಾಸನ
ಮೊಸರು ಒಗ್ಗೋದು ಯಾಕೆ ಅಂತ ಯಾರೂ ಹೇಳಲಿಲ್ಲ.

ಕ್ಷೀರತಂತ್ರ_ಹೆಬ್ಬಾಳ
ಎಲ್ಲರೂ "ಮೊಸರಲ್ಲಿ ಲ್ಯಾಕ್ಟೋಸ್ ಇರಲ್ಲ" ಅಂತಾರೆ, ಅದು ಸರಿಯಲ್ಲ. ಹೆಪ್ಪಿನ ಬ್ಯಾಕ್ಟೀರಿಯಾ ರಾತ್ರಿಯಿಡೀ ಕೆಲಸ ಮಾಡಿದರೂ ತಿಂದುಹಾಕೋದು ಕಾಲುಭಾಗ, ಸ್ವಲ್ಪ ಹೆಚ್ಚು. 100 ಗ್ರಾಂ ಮೊಸರಲ್ಲಿ ಇನ್ನೂ ಮೂರೂವರೆ, ನಾಲ್ಕು ಗ್ರಾಂ ಉಳಿದಿರುತ್ತೆ. ಒಗ್ಗೋದಕ್ಕೆ ಇನ್ನೆರಡು ಕಾರಣ ಇವೆ. ಗಟ್ಟಿಯಾಗಿರೋದರಿಂದ ಹೊಟ್ಟೆಯಿಂದ ನಿಧಾನ ಇಳಿಯುತ್ತೆ. ಜೊತೆಗೆ ಆ ಬ್ಯಾಕ್ಟೀರಿಯಾಗಳ ಒಡಲಲ್ಲೇ ಲ್ಯಾಕ್ಟೋಸ್ ಒಡೆಯೋ ಕಿಣ್ವ ಇದೆ. ಹೊಟ್ಟೆಯ ಆಮ್ಲ ದಾಟಿ ಸಣ್ಣ ಕರುಳಿಗೆ ಬಂದಾಗ ಅದು ಹೊರಬಿದ್ದು, ನಮ್ಮ ಕರುಳು ಮಾಡಬೇಕಾದ ಕೆಲಸವನ್ನ ಅದೇ ಮಾಡಿಕೊಡುತ್ತೆ.

ಹಾಗಾಗಿ ಮೊಸರು ಜೀವಂತ ಇರಬೇಕು. ಮಜ್ಜಿಗೆಹುಳಿಗೆ ಕುದಿಸಿದ ಮೊಸರಿಗೆ ಈ ಗುಣ ಉಳಿಯಲ್ಲ. ಹೆಪ್ಪು ಹಾಕಿ ನಾಲ್ಕೇ ಗಂಟೆಗೆ ತೆಗೆದ ಸಪ್ಪೆ ಮೊಸರಿಗಿಂತ ಎಂಟು ಗಂಟೆ ಚೆನ್ನಾಗಿ ಹೆಪ್ಪುಗಟ್ಟಿದ ಮೊಸರು ಮೇಲು.

ಅಡುಗೆಭಟ್ಟ_ಉಡುಪಿ
ಮಜ್ಜಿಗೆಹುಳಿ ಬಗ್ಗೆ ಹೆದರಿಕೆ ಬೇಡ. ನಾಲ್ಕು ಜನಕ್ಕೆ ಒಂದು ಕಪ್ ಮೊಸರು ಹಾಕ್ತೇವೆ, ತಲಾ 60 ಮಿಲಿ ಬಂದೀತು. ಜೀವಂತ ಇಲ್ಲದಿದ್ದರೂ ಎರಡು ಗ್ರಾಮಿಗಿಂತ ಸ್ವಲ್ಪ ಹೆಚ್ಚು ಅಷ್ಟೇ, ಅದೂ ಅನ್ನದ ಜೊತೆ. ಲೋಟ ಮಜ್ಜಿಗೆ ಅಂದರೆ 50 ಮಿಲಿ ಮೊಸರಿಗೆ 150 ಮಿಲಿ ನೀರು, ಅದೂ ಎರಡೇ ಗ್ರಾಂ.

ಕೈ ಕೊಡುವುದು ಪಾಯಸ. ಅರ್ಧ ಲೀಟರ್ ಹಾಲನ್ನು ಕಾಲು ಲೀಟರಿಗೆ ಬತ್ತಿಸಿದ ಪಾಯಸ 150 ಮಿಲಿ ಕುಡಿದರೆ 300 ಮಿಲಿ ಹಾಲು ಕುಡಿದ ಲೆಕ್ಕ, 14 ಗ್ರಾಂ ದಾಟಿತು. ಮೇಲೆ ಕಂಡೆನ್ಸ್ಡ್ ಮಿಲ್ಕ್ ಸುರಿದಿದ್ದರೆ ಕೇಳುವುದೇ ಬೇಡ. ಹೆಸರುಬೇಳೆ, ಕಡಲೆಬೇಳೆ ಪಾಯಸವನ್ನು ಕಾಯಿಹಾಲಲ್ಲೇ ಮಾಡಿ, ನಮ್ಮ ಕಡೆಯ ಪದ್ಧತಿಯೇ ಅದು. ಬೆಲ್ಲ ಕರಗಿ ಬೇಳೆ ಬೆಂದ ಮೇಲೆ ಮೊದಲು ನೀರಾದ ಕಾಯಿಹಾಲು ಹಾಕಿ ಕುದಿಸಿ, ದಪ್ಪ ಹಾಲನ್ನು ಒಲೆ ಆರಿಸುವಾಗ ಹಾಕಿ. ದಪ್ಪ ಹಾಲು ಜೋರು ಕುದಿದರೆ ಎಣ್ಣೆ ಬಿಟ್ಟು ಒಡೆದಂತೆ ಕಾಣುತ್ತದೆ. ಹೋಳಿಗೆಗೂ ಹಾಲಿನ ಬದಲು ತುಪ್ಪ ಇಲ್ಲವೇ ಕಾಯಿಹಾಲು. ಮದುವೆ ಊಟದ ಚಿರೋಟಿಯನ್ನು ಬಾದಾಮಿ ಹಾಲಲ್ಲಿ ಮುಳುಗಿಸದೆ ಸಕ್ಕರೆ, ತುಪ್ಪದ ಜೊತೆ ತಿನ್ನಿ. ಮೈಸೂರುಪಾಕಿನಲ್ಲಿ ಕಡಲೆಹಿಟ್ಟು, ಸಕ್ಕರೆ, ತುಪ್ಪ, ಅಷ್ಟೇ. ಹಾಲಿಲ್ಲ. ಅದು ತಿಂದು ಹೊಟ್ಟೆ ಭಾರವಾದರೆ ಕಾರಣ ತುಪ್ಪ.

ಜೀರ್ಣಾಂಗ_ಹುಬ್ಬಳ್ಳಿ
ಮನೆಯಲ್ಲಿ ಹೇಗೆ ಗೊತ್ತುಮಾಡಿಕೊಳ್ಳುವುದು ಎಂಬ ಪ್ರಶ್ನೆ ಉಳಿದಿದೆ. ಅನೇಕರು ಎರಡು ದಿನ ಹಾಲು ಬಿಟ್ಟು "ಹೌದು, ಇದೇ" ಎಂದು ತೀರ್ಮಾನಿಸುತ್ತಾರೆ. ಅಷ್ಟು ಸಾಲದು.

ಎರಡು ವಾರ ಹಾಲು, ಖೋವಾ ಸಿಹಿ, ಐಸ್‌ಕ್ರೀಂ, ಹಾಲುಪುಡಿ ಇರುವ ಪ್ಯಾಕೆಟ್ ತಿನಿಸು ನಿಲ್ಲಿಸಿ. ತುಪ್ಪ ಇರಲಿ. ಬೇರೆ ಯಾವ ಪಥ್ಯವನ್ನೂ ಇದೇ ಹೊತ್ತಿಗೆ ಶುರುಮಾಡಬೇಡಿ, ಮಾಡಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದಿಲ್ಲ. ಆಮೇಲೆ ಒಂದು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ 250 ಮಿಲಿ ಹಾಲು ಕುಡಿದು, ನಾಲ್ಕು ಗಂಟೆ ಬೇರೇನೂ ತಿನ್ನದೆ, ಏನೇನಾಯಿತೆಂದು ಗಂಟೆ ಸಮೇತ ಬರೆದಿಡಿ. ಮೂರ್ನಾಲ್ಕು ದಿನ ಬಿಟ್ಟು ಅಷ್ಟೇ ಲ್ಯಾಕ್ಟೋಸ್-ಮುಕ್ತ ಹಾಲು ಕುಡಿದು ಹಾಗೆಯೇ ಬರೆಯಿರಿ. ಯಾವ ದಿನ ಯಾವುದು ಎಂದು ಕುಡಿಯುವವರಿಗೆ ತಿಳಿಯದಂತೆ ಮನೆಯವರು ಕೊಟ್ಟರೆ ಉತ್ತಮ. ಲ್ಯಾಕ್ಟೋಸ್-ಮುಕ್ತ ಹಾಲು ಸಿಹಿಯಾಗಿರುತ್ತದೆ, ರುಚಿಯಲ್ಲೇ ಗುಟ್ಟು ರಟ್ಟಾಗದಿರಲು ಸಾದಾ ಹಾಲಿಗೆ ಒಂದು ಚಮಚ ಸಕ್ಕರೆ, ಎರಡಕ್ಕೂ ಏಲಕ್ಕಿ ಹಾಕಿ. ಸಾದಾ ಹಾಲಿಗೆ ಮಾತ್ರ ತೊಂದರೆಯಾದರೆ ಲ್ಯಾಕ್ಟೋಸ್. ಎರಡಕ್ಕೂ ಆದರೆ ಕಾರಣ ಬೇರೆಡೆ ಇದೆ.

ಕಾಫಿ ಕುಡಿದ ಕೂಡಲೇ ಶೌಚಕ್ಕೆ ಓಡುವವರು ಇನ್ನೊಂದು ಪರೀಕ್ಷೆ ಮಾಡಿ. ಹಾಲಿಲ್ಲದ ಡಿಕಾಕ್ಷನ್ನಿಗೆ ಬಿಸಿನೀರು ಬೆರೆಸಿ ಕುಡಿಯಿರಿ. ಆಗಲೂ ಓಡಬೇಕಾದರೆ ಕರುಳನ್ನು ಕೆಣಕಿದ್ದು ಕಾಫಿಯೇ, ಹಾಲಲ್ಲ.

ಆಸ್ಪತ್ರೆಯಲ್ಲಿ ಮಾಡುವುದು ಉಸಿರಿನ ಹೈಡ್ರೋಜನ್ ಪರೀಕ್ಷೆ. 25 ಅಥವಾ 50 ಗ್ರಾಂ ಲ್ಯಾಕ್ಟೋಸ್ ನೀರಲ್ಲಿ ಕುಡಿಸಿ ಮೂರು ಗಂಟೆ ಕಾಲ ಆಗಾಗ ಉಸಿರು ಊದಿಸುತ್ತಾರೆ. ಹೈಡ್ರೋಜನ್ ಮೊದಲಿಗಿಂತ 20 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 20 ಭಾಗ) ಏರಿದರೆ ಲ್ಯಾಕ್ಟೋಸ್ ಅರಗಿಲ್ಲ ಎಂದರ್ಥ. ಪರೀಕ್ಷೆ ಕೆಡುವುದು ತಯಾರಿಯಲ್ಲಿ. ಹಿಂದಿನ ರಾತ್ರಿ ಹುರಳಿ, ಅವರೆ ತಿಂದಿದ್ದರೆ ಶುರುವಿನಲ್ಲೇ ಹೈಡ್ರೋಜನ್ ಹೆಚ್ಚಿರುತ್ತದೆ. ಹಿಂದಿನ ದಿನ ಬಿಳಿ ಅನ್ನದಂಥ ನಾರಿಲ್ಲದ ಊಟ, ರಾತ್ರಿಯಿಂದ ಉಪವಾಸ, ಬೆಳಿಗ್ಗೆ ಬೀಡಿ ಸಿಗರೇಟು ಇಲ್ಲ. ನಾಲ್ಕು ವಾರದೊಳಗೆ ಆಂಟಿಬಯೋಟಿಕ್ ತೆಗೆದುಕೊಂಡಿದ್ದರೆ ಮುಂದೂಡಬೇಕು. ಕೆಲವರ ಕರುಳಿನ ಜೀವಿಗಳು ಹೈಡ್ರೋಜನ್ ಬದಲು ಮೀಥೇನ್ ಮಾಡುತ್ತವೆ, ಎರಡನ್ನೂ ಅಳೆಯುವ ಯಂತ್ರವಿದ್ದರೆ ಒಳ್ಳೆಯದು. ಇನ್ನೊಂದು ವಿಧಾನ ರಕ್ತದ್ದು, 50 ಗ್ರಾಂ ಕುಡಿಸಿದ ಮೇಲೆ ಗ್ಲೂಕೋಸ್ 100 ಮಿಲಿ ರಕ್ತಕ್ಕೆ 20 ಮಿ.ಗ್ರಾಂ ಕೂಡ ಏರದಿದ್ದರೆ ಅರಗಿಲ್ಲ. ಸಕ್ಕರೆ ಕಾಯಿಲೆ ಇರುವವರಲ್ಲಿ ಇದನ್ನು ನೆಚ್ಚಬಾರದು.

ತೂಕ ಇಳಿಯುವುದು, ಮಲದಲ್ಲಿ ರಕ್ತ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ, ಜ್ವರ, ರಕ್ತಹೀನತೆ, ಇವು ಲ್ಯಾಕ್ಟೋಸಿನ ಲಕ್ಷಣಗಳೇ ಅಲ್ಲ. ಇದ್ದರೆ ಮನೆಪ್ರಯೋಗ ಬಿಟ್ಟು ನೇರ ವೈದ್ಯರ ಬಳಿ ಹೋಗಿ. ಮೊದಲು ಒಗ್ಗುತ್ತಿದ್ದ ಹಾಲು ಇದ್ದಕ್ಕಿದ್ದಂತೆ ಒಗ್ಗದಾದರೂ ಕಾರಣ ಹುಡುಕಬೇಕು. ವಾಂತಿಭೇದಿ, ಜಿಯಾರ್ಡಿಯಾ ಎಂಬ ಕರುಳಿನ ಪರಾವಲಂಬಿಯ ಸೋಂಕು, ಗೋಧಿಯ ಗ್ಲುಟೆನ್ನಿನಿಂದ ಬರುವ ಸೀಲಿಯಾಕ್ ರೋಗ, ಇವೆಲ್ಲ ಕರುಳಿನ ಒಳಪದರ ಸವೆಸಿ ಲ್ಯಾಕ್ಟೇಸನ್ನು ತಾತ್ಕಾಲಿಕವಾಗಿ ಇಳಿಸುತ್ತವೆ. ಮೂಲ ಗುಣವಾದರೆ ಅದು ವಾಪಸ್ ಬರುತ್ತದೆ.

ಅಮ್ಮ_ತುಮಕೂರು
ಎಳೆಮಗುವಿಗೆ ಹಸಿರು ಹಸಿರು, ನೊರೆನೊರೆ ಭೇದಿ ಆದರೆ ಲ್ಯಾಕ್ಟೋಸ್ ಅಂತ ಹೇಳಿ ಮೊಲೆಹಾಲು ನಿಲ್ಲಿಸಿ ಅಂತಾರೆ. ಸರಿಯಾ?

ಮಕ್ಕಳವೈದ್ಯ_ದಾವಣಗೆರೆ
ಬೇಡಮ್ಮಾ, ನಿಲ್ಲಿಸಬೇಡಿ. ತಾಯಿಹಾಲಲ್ಲಿ 100 ಮಿಲಿಗೆ 7 ಗ್ರಾಂ ಲ್ಯಾಕ್ಟೋಸ್ ಇದೆ, ಹಸುವಿನ ಹಾಲಿಗಿಂತ ಹೆಚ್ಚೇ. ಕೂಸಿನ ಕರುಳು ಅದಕ್ಕೆಂದೇ ಸಜ್ಜಾಗಿರುತ್ತದೆ. ಹುಟ್ಟಿನಿಂದಲೇ ಲ್ಯಾಕ್ಟೇಸ್ ಇಲ್ಲದಿರುವುದು ತೀರಾ ಅಪರೂಪ. ತಾಯಿ ತಾನು ಹಾಲು ಕುಡಿಯುವುದನ್ನು ಬಿಟ್ಟರೂ ಮೊಲೆಹಾಲಿನ ಲ್ಯಾಕ್ಟೋಸ್ ಕಡಿಮೆಯಾಗುವುದಿಲ್ಲ, ಅದು ತಾಯಿಯ ಮೈಯಲ್ಲೇ ತಯಾರಾಗುವಂಥದ್ದು.

ಭೇದಿಯ ಹೊತ್ತಲ್ಲಿ ಓಆರ್‌ಎಸ್, ಜೊತೆಗೆ ಮೊಲೆಹಾಲು ಮುಂದುವರಿಸಿ. ಊಟ ಮಾಡುವ ಮಗುವಿಗೆ ಮೊಸರನ್ನ, ಅನ್ನದ ಗಂಜಿಗೆ ಸ್ವಲ್ಪ ಹಾಲು ಬೆರೆಸಿದ್ದು ನಡೆಯುತ್ತದೆ. 14 ದಿನ ದಾಟಿದ ಭೇದಿಗೆ ಮಾತ್ರ ಲ್ಯಾಕ್ಟೋಸ್ ತಗ್ಗಿಸಿದ ಪಥ್ಯವನ್ನು ವೈದ್ಯರು ಹಂತಹಂತವಾಗಿ ಕೊಡುತ್ತಾರೆ. ಮಲದಲ್ಲಿ ರಕ್ತ, ಮೈತುಂಬ ಇಸುಬು, ತೂಕ ಏರದಿರುವುದು ಕಂಡರೆ ಹಾಲಿನ ಪ್ರೋಟೀನಿನ ಅಲರ್ಜಿಯನ್ನು ನೋಡಬೇಕು. ಗ್ಯಾಲಕ್ಟೊಸೀಮಿಯಾ ಎಂಬ ಹುಟ್ಟುರೋಗವಿರುವ ಕೂಸಿಗೆ ಲ್ಯಾಕ್ಟೋಸ್-ಮುಕ್ತ ಹಾಲೂ ವಿಷವೇ, ಅದರಲ್ಲಿ ಗ್ಯಾಲಕ್ಟೋಸ್ ಹಾಗೇ ಇರುತ್ತದೆ. ಇದನ್ನು ಅಂಗಡಿಯವರ ಮಾತು ಕೇಳಿ ತೀರ್ಮಾನಿಸಬೇಡಿ.

ಐರನ್‌ಮನ್_ಬಳ್ಳಾರಿ
ವೇ ಪ್ರೋಟೀನ್ ಕುಡಿದರೆ ಹೊಟ್ಟೆ ಬಲೂನು. ಮಾತ್ರೆ, ಹನಿ ಅಂತ ಏನೇನೋ ಸಿಗುತ್ತೆ, ಯಾವುದು ಕೆಲಸ ಮಾಡುತ್ತೆ?

ಕ್ಷೀರತಂತ್ರ_ಹೆಬ್ಬಾಳ
ಡಬ್ಬಿಯ ಮೇಲೆ 'ಕಾನ್ಸಂಟ್ರೇಟ್' ಅಂತಿದ್ದರೆ ಲ್ಯಾಕ್ಟೋಸ್ ಉಳಿದಿರುತ್ತೆ, 'ಐಸೊಲೇಟ್' ಆದರೆ 1 ಶೇಕಡಾ ಆಸುಪಾಸು ಅಷ್ಟೇ. ಅದನ್ನ ಹಾಲಲ್ಲಿ ಕಲಸಿದರೆ ದುಡ್ಡು ದಂಡ, ನೀರಲ್ಲಿ ಕಲಸಿ. ಸಿಹಿಗೆ ಸಾರ್ಬಿಟಾಲ್ ತರಹದ್ದು ಸೇರಿಸಿದ್ದರೆ ಅದೂ ಹೊಟ್ಟೆ ಉಬ್ಬಿಸುತ್ತೆ, ಪಟ್ಟಿ ಓದಿ.

ಮಾತ್ರೆ ಮತ್ತು ಹನಿ ಒಂದೇ ಅಲ್ಲ, ಅದಲುಬದಲು ಮಾಡೋದರಿಂದಲೇ "ಕೆಲಸ ಮಾಡಲಿಲ್ಲ" ಅನ್ನೋ ದೂರು ಬರೋದು. ಮಾತ್ರೆಯಲ್ಲಿರೋದು ಸಾಮಾನ್ಯವಾಗಿ ಬೂಷ್ಟಿನಿಂದ ತೆಗೆದ ಲ್ಯಾಕ್ಟೇಸ್, ಹೊಟ್ಟೆಯ ಹುಳಿಯಲ್ಲೂ ನಡೆಯುತ್ತೆ. ಅದನ್ನ ಮೊದಲ ತುತ್ತಿನ ಜೊತೆಗೇ ತಗೋಬೇಕು, ಕನಿಷ್ಠ 4500 ಯೂನಿಟ್. ಉಂಡು ಅರ್ಧ ಗಂಟೆ ಆದ ಮೇಲೆ ನುಂಗಿದರೆ ಲ್ಯಾಕ್ಟೋಸ್ ಮುಂದೆ ಹೋಗಿಬಿಟ್ಟಿರುತ್ತೆ. ಮದುವೆ ಊಟದ ಹಾಗೆ ಬಹಳ ಹೊತ್ತು ನಡೆಯೋ ಊಟದಲ್ಲಿ ಕೊನೆಗೆ ಐಸ್‌ಕ್ರೀಂ ಬರುವಾಗ ಇನ್ನೊಂದು ಬೇಕಾಗುತ್ತೆ.

ಹಾಲಿಗೆ ಹಾಕೋ ಹನಿಯಲ್ಲಿರೋದು ಯೀಸ್ಟಿನ ಲ್ಯಾಕ್ಟೇಸ್. ಅದಕ್ಕೆ ಹಾಲಿನ ಸಪ್ಪೆಗುಣವೇ ಬೇಕು, ಹುಳಿಯಲ್ಲಿ ಸತ್ತುಹೋಗುತ್ತೆ. ಮಾಡೋ ಕ್ರಮ ಹೀಗೆ: ಹಾಲು ಉಕ್ಕಿಸಿ, ಪೂರ್ತಿ ಆರಿಸಿ, ಚೀಟಿಯಲ್ಲಿ ಹೇಳಿದಷ್ಟು ಹನಿ ಹಾಕಿ, ಸೌಟಿನಲ್ಲಿ ಚೆನ್ನಾಗಿ ತಿರುವಿ, ಮುಚ್ಚಿ ಫ್ರಿಜ್ಜಿನಲ್ಲಿ 24 ಗಂಟೆ ಇಡಿ. ಬಿಸಿ ಹಾಲಿಗೆ ಹಾಕಿದರೆ ಕಿಣ್ವ ಬೆಂದುಹೋಯಿತು ಅಂತಲೇ ಲೆಕ್ಕ. ಮರುದಿನ ನಾಲಿಗೆಗೇ ಗೊತ್ತಾಗಬೇಕು, ಸಕ್ಕರೆ ಹಾಕದೆಯೂ ಸಿಹಿ ಇರುತ್ತೆ. ಅನುಮಾನ ಇದ್ದರೆ ಮೆಡಿಕಲ್ ಶಾಪಿನಲ್ಲಿ ಸಿಗೋ, ಮೂತ್ರದಲ್ಲಿ ಗ್ಲೂಕೋಸ್ ನೋಡೋ ಪಟ್ಟಿ ತಂದು ಹಾಲಿಗೆ ಅದ್ದಿ. ಸಾದಾ ಹಾಲಿನಲ್ಲಿ ಬಣ್ಣ ಹಾಗೇ ಇರುತ್ತೆ, ಹನಿ ಕೆಲಸ ಮಾಡಿದ್ದರೆ ಬದಲಾಗುತ್ತೆ. ಒಡೆಯೋ ಕೆಲಸ ನಡೆದಿದೆ ಅಂತ ಅಷ್ಟೇ ಇದರಿಂದ ತಿಳಿಯುತ್ತೆ, ಪೂರ್ತಿ ಮುಗಿದಿದೆ ಅಂತಲ್ಲ.

ಅಮುಲ್‌ನಂಥ ಕಂಪನಿಗಳ ಲ್ಯಾಕ್ಟೋಸ್-ಮುಕ್ತ ಹಾಲು ಕೂಡ ಇದೇ ತತ್ವದ್ದು. ಸಕ್ಕರೆಯನ್ನ ತೆಗೆದಿಲ್ಲ, ಒಡೆದಿದ್ದಾರೆ. ಮಧುಮೇಹದವರು "ಸಕ್ಕರೆ ಇಲ್ಲ" ಅಂದುಕೊಂಡು ಕುಡಿಯಬಾರದು. ಇದರಲ್ಲಿ ಪಾಯಸ, ಖೋವಾ ಮಾಡಿದರೆ ತಳ ಬೇಗ ಕಂದುಬಣ್ಣಕ್ಕೆ ತಿರುಗುತ್ತೆ, ಉರಿ ಸಣ್ಣಗಿರಲಿ.

ಪಥ್ಯಾಹಾರ_ಮೈಸೂರು
ಕ್ಯಾಲ್ಸಿಯಂ ವಿಷಯ ಬಾಕಿ ಇದೆ. ದೊಡ್ಡವರಿಗೆ ದಿನಕ್ಕೆ 1000 ಮಿ.ಗ್ರಾಂ ಬೇಕೆಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಲೆಕ್ಕ. 200 ಗ್ರಾಂ ಮೊಸರಿನಿಂದ ಸುಮಾರು 240, 50 ಗ್ರಾಂ ಪನೀರಿನಿಂದ 200 ದಾಟಿ. 100 ಗ್ರಾಂ ರಾಗಿಹಿಟ್ಟಿನ ಮುದ್ದೆಯಿಂದ ಹತ್ತಿರಹತ್ತಿರ 350 ಬರುತ್ತದೆ. ರಾಗಿಯಲ್ಲಿರುವ ಫೈಟೇಟ್ ಒಂದಷ್ಟನ್ನು ಹಿಡಿದಿಟ್ಟುಕೊಳ್ಳುತ್ತದೆ, ಮೊಳಕೆ ಕಟ್ಟಿ ಒಣಗಿಸಿ ಬೀಸಿದರೆ ಹೆಚ್ಚು ಸಿಗುತ್ತದೆ. ನುಗ್ಗೆಸೊಪ್ಪು, ಹುರಳಿ, ಎಳ್ಳು, ಮುಳ್ಳು ಸಮೇತ ತಿನ್ನುವ ಸಣ್ಣ ಮೀನು ಒಳ್ಳೆಯವು. ಪಾಲಕ್ ಮೇಲೆ ಭರವಸೆ ಇಡಬೇಡಿ, ಅದರ ಆಕ್ಸಲೇಟ್ ಬಹುಪಾಲು ಕ್ಯಾಲ್ಸಿಯಮ್ಮನ್ನು ಬಿಟ್ಟುಕೊಡುವುದಿಲ್ಲ. ಮೊಟ್ಟೆ, ಮಾಂಸ ತಿನ್ನದವರಿಗೆ ಊಟದಿಂದ ಬಿ12 ಬರುವ ಮುಖ್ಯ ದಾರಿ ಹಾಲು, ಮೊಸರು. ಆದ್ದರಿಂದ ಮೊಸರು, ಮಜ್ಜಿಗೆ ಬಿಡಲೇಬೇಡಿ.

ಹಾಲನ್ನು ಮತ್ತೆ ಒಗ್ಗಿಸಿಕೊಳ್ಳುವ ದಾರಿಯೂ ಇದೆ. ದಿನಾ ಊಟದ ಜೊತೆ 50 ಮಿಲಿಯಿಂದ ಶುರುಮಾಡಿ, ಮೂರ್ನಾಲ್ಕು ದಿನಕ್ಕೊಮ್ಮೆ 25 ಮಿಲಿ ಏರಿಸುತ್ತಾ ಬನ್ನಿ. ಇದರಿಂದ ಲ್ಯಾಕ್ಟೇಸ್ ಹೆಚ್ಚುವುದಿಲ್ಲ, ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಸಮೂಹ ಬದಲಾಗಿ ಗ್ಯಾಸು ಕಡಿಮೆಯಾಗುತ್ತದೆ. ತೊಂದರೆ ಕಂಡ ಅಳತೆಯಿಂದ ಒಂದು ಹೆಜ್ಜೆ ಹಿಂದೆ ಬಂದು ನಿಲ್ಲಿ. ನಡುವೆ ಹದಿನೈದು ದಿನ ಬಿಟ್ಟರೆ ಮತ್ತೆ ಮೊದಲಿನಿಂದ.

ಕಾಫಿಲೋಟ_ಹಾಸನ
ತುಂಬಾ ಧನ್ಯವಾದ. ಕೊನೆಯದಾಗಿ ಎರಡು. ಮಾತ್ರೆಗಳಲ್ಲಿ ಲ್ಯಾಕ್ಟೋಸ್ ಇರುತ್ತಂತೆ, ನಿಲ್ಲಿಸಬೇಕಾ? ಕಾಫಿಗೆ ಸೋಯಾ ಹಾಲು ಹಾಕಿದರೆ ಒಡೆದುಹೋಗುತ್ತಲ್ಲ, ಯಾಕೆ?

ಜೀರ್ಣಾಂಗ_ಹುಬ್ಬಳ್ಳಿ
ಒಂದು ಮಾತ್ರೆಯಲ್ಲಿ ಸಾಮಾನ್ಯವಾಗಿ ಅರ್ಧ ಗ್ರಾಮಿಗಿಂತಲೂ ಕಡಿಮೆ. ಅದಕ್ಕಾಗಿ ಬಿಪಿ, ಥೈರಾಯಿಡ್ ಮಾತ್ರೆ ಯಾವುದನ್ನೂ ನಿಲ್ಲಿಸಬೇಡಿ.

ಅಡುಗೆಭಟ್ಟ_ಉಡುಪಿ
ಡಿಕಾಕ್ಷನ್ ಹುಳಿ ಗುಣದ್ದು, ಅದು ಕುದಿಬಿಸಿ ಇರುವಾಗ ತಣ್ಣಗಿನ ಸೋಯಾ ಹಾಲು ಬಿದ್ದರೆ ಪ್ರೋಟೀನ್ ಗಂಟು ಕಟ್ಟುತ್ತದೆ. ಸೋಯಾ ಹಾಲನ್ನು ಬೇರೆ ಪಾತ್ರೆಯಲ್ಲಿ ಬಿಸಿ ಮಾಡಿ, ಕುದಿ ಬರುವ ಮೊದಲೇ ಇಳಿಸಿ. ಡಿಕಾಕ್ಷನ್ ಕುದಿಬಿಸಿ ಇರಬಾರದು. ಹಾಲನ್ನು ಲೋಟಕ್ಕೆ ಮೊದಲು ಹಾಕಿ, ಮೇಲಿಂದ ಡಿಕಾಕ್ಷನ್ನನ್ನು ಸಣ್ಣಗೆ ಹೊಯ್ಯಿರಿ.

ಆದರೆ ಕಾಫಿಗೆ ಅಷ್ಟೆಲ್ಲ ಬೇಕೇ ಅಂತ ನೋಡಿಕೊಳ್ಳಿ. 150 ಮಿಲಿ ಲೋಟದಲ್ಲಿ ಹಾಲು ಇರುವುದು 100 ಮಿಲಿ, ಐದು ಗ್ರಾಮಿಗೂ ಕಡಿಮೆ ಲ್ಯಾಕ್ಟೋಸ್. ಮೊದಲು ಎರಡು ಇಡ್ಲಿ ತಿಂದು, ಆಮೇಲೆ ಕುಡಿಯಿರಿ.